ಆರ್‌ಪಿಜಿ ಮಾಡುವವರು ಅಭಿಮಾನಿಗಳ ಮಾತು ಎಷ್ಟು ಕೇಳಬೇಕು? ಐದು ದಾರಿಗಳ ಹೋಲಿಕೆ

2012ರ ಮಾರ್ಚ್‌ನಲ್ಲಿ ‘ಮಾಸ್ ಎಫೆಕ್ಟ್ 3’ ಬಂತು. ಇದು ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್), ಅಂದರೆ ಆಟಗಾರ ತಾನೇ ಒಂದು ಪಾತ್ರವಾಗಿ ಕತೆಯನ್ನು ನಡೆಸುವ ವಿಡಿಯೋ ಗೇಮ್. ಮೂರು ಗೇಮ್‌ಗಳ ಉದ್ದಕ್ಕೂ ತಾವು ತೆಗೆದುಕೊಂಡ ನೂರಾರು ನಿರ್ಧಾರಗಳು ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತವೆ ಅಂತ ಆಟಗಾರರು ಕಾಯುತ್ತಿದ್ದರು. ಸಿಕ್ಕಿದ್ದು ಮೂರು ಆಯ್ಕೆ, ಮೂರು ಬಣ್ಣ: ಕೆಂಪು, ನೀಲಿ, ಹಸಿರು. ಬಣ್ಣ ಬಿಟ್ಟರೆ ತೆರೆಯ ಮೇಲೆ ಕಂಡದ್ದು ಹೆಚ್ಚುಕಡಿಮೆ ಒಂದೇ. ಸಿಟ್ಟಾದ ಅಭಿಮಾನಿಗಳು ದುಡ್ಡು ಸೇರಿಸಿ, ಗೇಮ್ ಮಾಡಿದ ಬಯೋವೇರ್ ಕಚೇರಿಗೆ ಸುಮಾರು 400 ಕಪ್‌ಕೇಕ್ ಕಳಿಸಿದರು. ಮೇಲೆ ಅದೇ ಮೂರು ಬಣ್ಣ. ಯಾವುದನ್ನು ಕಚ್ಚಿದರೂ ಒಂದೇ ರುಚಿ, ವೆನಿಲ್ಲಾ.

ಗೇಮ್ ಮಾಡುವವರಿಗೆ ಹೋದ ದೂರುಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದು ನನಗೆ ಗೊತ್ತಿಲ್ಲ. ಕೊನೆ ಹೇಗಿರಬೇಕಿತ್ತು ಅಂತ ಆ ಕಪ್‌ಕೇಕ್ ಹೇಳಲಿಲ್ಲ. ಎಲ್ಲಿ ನೋವಾಯಿತು ಅಂತಷ್ಟೇ ಹೇಳಿತು.

ಬಯೋವೇರ್ ಆ ವರ್ಷ ಜೂನ್‌ನಲ್ಲಿ ‘ಎಕ್ಸ್‌ಟೆಂಡೆಡ್ ಕಟ್’ ಅಂತ ಉಚಿತ ಸೇರ್ಪಡೆ ಕೊಟ್ಟಿತು. ಮೂರು ಬಣ್ಣಗಳನ್ನು ಅವರು ತೆಗೆಯಲಿಲ್ಲ. ಪ್ರತಿ ಆಯ್ಕೆಯ ಆಮೇಲೆ ಲೋಕಕ್ಕೆ ಏನಾಯಿತು, ಜೊತೆಗಾರರ ಗತಿ ಏನು ಅಂತ ಬಿಡಿಸಿ ತೋರಿಸಿದರು. ಮೂರೂ ಬೇಡ ಅನ್ನುವ ನಾಲ್ಕನೇ ದಾರಿಯನ್ನೂ ಇಟ್ಟರು. ಅದನ್ನು ಹಿಡಿದರೆ ಯುದ್ಧ ಸೋಲುತ್ತೀರಿ! ಕೆಲವರಿಗೆ ಸಮಾಧಾನವಾಯಿತು, ಕೆಲವರಿಗೆ ಇವತ್ತಿಗೂ ಆಗಿಲ್ಲ.

ಹಾಗಾದರೆ ಅವರು ಅಭಿಮಾನಿಗಳ ಮಾತು ಕೇಳಿದರಾ, ಇಲ್ಲವಾ? ಎರಡೂ ನಿಜ. ಅದಕ್ಕೇ ‘ಕೇಳಬೇಕಾ, ಬೇಡ್ವಾ’ ಅಂತ ಜಗಳ ಆಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಕೇಳುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಒಂದೊಂದರಿಂದ ಒಂದೊಂದು ಲಾಭ, ಒಂದೊಂದು ಪೆಟ್ಟು. ಯಾವ ತಂಡಕ್ಕೆ ಯಾವುದು ಒಗ್ಗುತ್ತದೆ ಅಂತ ನೋಡೋಣ. ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಆಟಗಾರ ನೋವಾಯಿತು ಅಂದರೆ ನಂಬಿ, ಅವನೇ ಔಷಧಿ ಹೇಳಿದರೆ ಸ್ವಲ್ಪ ತಡೆಯಿರಿ.

ಕದ ಹಾಕಿಕೊಂಡು ಮಾಡುವುದು

ಯಾರ ಮಾತನ್ನೂ ಕೇಳದೆ, ತಮಗೆ ಬೇಕಾದ ಗೇಮ್ ಮಾಡಿ, ‘ಇಷ್ಟವಾದವರು ಆಡಿ’ ಅನ್ನುವ ದಾರಿ ಇದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಕಷ್ಟದ ಗೇಮ್‌ಗಳಿಗೆ ಹೆಸರಾದ ಫ್ರಮ್‌ಸಾಫ್ಟ್‌ವೇರ್ ಕಂಪನಿ. ಅವರ ‘ಡಾರ್ಕ್ ಸೋಲ್ಸ್’ ಕಾಲದಿಂದ ‘ಸುಲಭದ ಮೋಡ್ ಕೊಡಿ’ ಅನ್ನುವ ಕೂಗು ಇದೆ. ಅವರು ಕೊಟ್ಟಿಲ್ಲ. 2022ರ ಫೆಬ್ರವರಿಯಲ್ಲಿ ಬಂದ ‘ಎಲ್ಡೆನ್ ರಿಂಗ್’ನಲ್ಲೂ ಇಲ್ಲ. ಆದರೆ ಆ ಗೇಮ್ ಆಡಿದವರಿಗೆ ಗೊತ್ತು, ಸಹಾಯ ಇನ್ನೊಂದು ಬಾಗಿಲಿಂದ ಬಂದಿದೆ. ಬಾಸ್, ಅಂದರೆ ದಾರಿಗೆ ಅಡ್ಡ ನಿಂತ ದೊಡ್ಡ ಶತ್ರುವನ್ನು ಸೋಲಿಸೋಕೆ ಆಗ್ತಿಲ್ವಾ? ಕುದುರೆ ಹತ್ತಿ ಬೇರೆ ದಿಕ್ಕಿಗೆ ಹೋಗಿ, ಬಲ ಹೆಚ್ಚಿಸಿಕೊಂಡು ಬನ್ನಿ. ಆತ್ಮಗಳನ್ನು ಕರೆದು ಜೊತೆಗೆ ನಿಲ್ಲಿಸಿಕೊಳ್ಳಿ. ‘ತುಂಬ ಕಷ್ಟ’ ಅನ್ನುವ ದೂರು ಅವರ ಕಿವಿಗೆ ಬಿದ್ದಿದೆ. ‘ಮೋಡ್ ಕೊಡಿ’ ಅನ್ನುವ ಸಲಹೆ ಮಾತ್ರ ಬಿದ್ದಿಲ್ಲ.

ಇನ್ನೂ ಒಂದು ಇದೆ. ಮಾತಾಡಿಸಿದ ಪಾತ್ರಗಳು ಆಮೇಲೆ ಎಲ್ಲಿ ಹೋದವು ಅಂತ ಹುಡುಕಿ ಸಾಕಾಯಿತು ಅಂತ ‘ಎಲ್ಡೆನ್ ರಿಂಗ್’ ಆಟಗಾರರು ಗೊಣಗುತ್ತಿದ್ದರು. ಬಿಡುಗಡೆಯಾಗಿ ಒಂದು ತಿಂಗಳು ತುಂಬುವ ಮೊದಲೇ, ಮಾರ್ಚ್ ಮಧ್ಯದ ಪ್ಯಾಚ್‌ನಲ್ಲಿ (ಬಿಡುಗಡೆ ಆದ ಮೇಲೆ ಕಳಿಸುವ ತಿದ್ದುಪಡಿ) ಅಂಥ ಪಾತ್ರಗಳ ಗುರುತು ಮ್ಯಾಪ್ ಮೇಲೆ ಬಂತು. ಅಂದರೆ ಈ ದಾರಿಯ ದೊಡ್ಡ ಉದಾಹರಣೆಯೂ ಪೂರ್ತಿ ಕದ ಹಾಕಿಕೊಂಡಿಲ್ಲ.

ಬಗ್ಗದೆ ನಿಂತವರೂ ಇದ್ದಾರೆ. 2019ರಲ್ಲಿ ‘ಪೋಕೆಮಾನ್ ಸ್ವೋರ್ಡ್’ ಮತ್ತು ‘ಶೀಲ್ಡ್’ಗೆ ಹಳೆಯ ಪೋಕೆಮಾನ್‌ಗಳನ್ನೆಲ್ಲ ತರಲಾಗುವುದಿಲ್ಲ ಅಂದಾಗ ಎದ್ದ ಗಲಾಟೆ ಸಣ್ಣದಲ್ಲ. ಗೇಮ್ ಹಾಗೇ ಬಂತು, 2 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. ಗಲಾಟೆಯ ಸದ್ದಿಗೂ ಮಾರಾಟಕ್ಕೂ ಯಾವಾಗಲೂ ತಾಳೆ ಆಗುವುದಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ. ಹಾಗಂತ ದೂರಿದವರು ಸುಳ್ಳು ಹೇಳಿದರು ಅಂತಲೂ ಅಲ್ಲ. ಮುಂದಿನ ವರ್ಷ ಬಂದ ಸೇರ್ಪಡೆಗಳ ಜೊತೆ ಇನ್ನೂರಕ್ಕೂ ಹೆಚ್ಚು ಪೋಕೆಮಾನ್‌ಗಳು ವಾಪಸ್ ಬಂದವು.

ಈ ದಾರಿ ಯಾರಿಗೆ ಸರಿ? ಐದಾರು ಗಂಟೆಯಲ್ಲಿ ಮುಗಿಯುವ, ಕತೆಯೇ ಜೀವಾಳವಾದ, ಒಬ್ಬರದೇ ರುಚಿಯಲ್ಲಿ ಅರಳಿದ ಗೇಮ್‌ಗೆ. ಒಂದು ಎಚ್ಚರಿಕೆ. ಇಪ್ಪತ್ತು ವರ್ಷ ಗೇಮ್ ಮಾಡಿದವರು ಕದ ಹಾಕಿಕೊಂಡರೆ ಒಳಗೆ ಆಡಿ ನೋಡಿ ಬೈಯುವ ಜನ ಅವರ ತಂಡದಲ್ಲೇ ಇರುತ್ತಾರೆ. ಮೊದಲ ಗೇಮ್ ಮಾಡುವವರು ಕದ ಹಾಕಿಕೊಂಡರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಭಯ. ‘ನನ್ನ ದೃಷ್ಟಿ ಬೇರೆ’ ಅಂತ ಹೇಳಿಕೊಳ್ಳುವುದು ಸುಲಭ. ನಾನೂ ಹೇಳಿಕೊಂಡಿದ್ದೇನೆ.

ಅರ್ಧ ಬೆಂದದ್ದನ್ನೇ ಬಡಿಸಿ ಕೇಳುವುದು

ಅರ್ಲಿ ಆಕ್ಸೆಸ್ ಅಂದರೆ ಇದೇ. ಗೇಮ್ ಪೂರ್ತಿಯಾಗುವ ಮೊದಲೇ ಮಾರುವುದು, ಕೊಂಡವರು ಹೇಳಿದ್ದನ್ನು ಕೇಳುತ್ತಾ ಮುಂದೆ ಕಟ್ಟುವುದು. ಆರ್‌ಪಿಜಿಯಲ್ಲಿ ಇದರ ದೊಡ್ಡ ಗೆಲುವು ಲೇರಿಯನ್ ಸ್ಟುಡಿಯೋಸ್‌ನ ‘ಬಾಲ್ಡರ್ಸ್ ಗೇಟ್ 3’. 2020ರ ಅಕ್ಟೋಬರ್ 6ರಿಂದ 2023ರ ಆಗಸ್ಟ್ 3ರವರೆಗೆ, ಸುಮಾರು 3 ವರ್ಷ, ಜನ ಅದರ ಮೊದಲ ಅಂಕವನ್ನಷ್ಟೇ ಆಡಿದರು.

ಆ ಮೂರು ವರ್ಷದಲ್ಲಿ ಬದಲಾದ ಒಂದು ವಿಷಯವನ್ನು ಹತ್ತಿರದಿಂದ ನೋಡಿ. ಆ ಗೇಮ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ 20 ಮುಖದ ದಾಳದ ಮೇಲೆ ನಿಂತಿದೆ. ‘ದಾಳದಲ್ಲಿ ಏನೋ ಮೋಸ ಇದೆ, ಸುಮ್ನೆ ತಪ್ತಾನೇ ಇರುತ್ತೆ’ ಅಂತ ಜನ ದೂರಿದರು. ನಾಲ್ಕು ಸಲ ಸಾಲಾಗಿ ಗುರಿ ತಪ್ಪಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನಿಜವಾದ ದಾಳ ಹಾಗೇ ಇರುತ್ತದೆ, ಸಾಲು ಸಾಲು ಸೋಲು ಅದರ ಗುಣ. ಇಲ್ಲಿ ಎರಡು ಸುಲಭದ ದಾರಿ ಇದ್ದವು. ‘ಗಣಿತ ಸರಿ ಇದೆ, ನಿಮಗೇ ಗೊತ್ತಾಗ್ತಿಲ್ಲ’ ಅನ್ನಬಹುದಿತ್ತು. ಎಲ್ಲ ಶತ್ರುಗಳನ್ನೂ ಮೆತ್ತಗೆ ಮಾಡಬಹುದಿತ್ತು. ಲೇರಿಯನ್‌ನವರು ಮೂರನೆಯದು ಹುಡುಕಿದರು. ಸೋಲಿನ ಸಾಲು ತೀರಾ ಉದ್ದವಾಗದಂತೆ ದಾಳವನ್ನು ಸ್ವಲ್ಪ ವಾಲಿಸುವ ಒಂದು ಸ್ವಿಚ್ ಇಟ್ಟರು. ಬೇಕಾದವರು ಹಾಕಿಕೊಳ್ಳಬಹುದು, ಬೇಡದವರು ಆರಿಸಬಹುದು. ದೂರು ತಪ್ಪು ಲೆಕ್ಕದ ಮೇಲೆ ನಿಂತಿದ್ದರೂ ನೋವು ನಿಜವಾಗಿತ್ತು, ಅಲ್ವಾ?

ಹಾಗೇ, ಎತ್ತರದಲ್ಲಿ ನಿಂತರೆ ಅಥವಾ ಶತ್ರುವಿನ ಬೆನ್ನ ಹಿಂದೆ ಜಿಗಿದರೆ ಸಿಗುತ್ತಿದ್ದ ಲಾಭ ಅತಿಯಾಯಿತು ಅನ್ನುವ ಮಾತು ಬಂತು. ಪ್ರತಿ ಕಾಳಗವೂ ಏಣಿ ಹತ್ತುವ ಪಂದ್ಯ ಆಗಿಬಿಟ್ಟಿತ್ತು. ಅದನ್ನೂ ಸರಿ ಮಾಡಿದರು. ಇಂಥ ವಿಷಯ ತಂಡದ 20 ಜನ ಆಡಿದಾಗ ಕಣ್ಣಿಗೆ ಬೀಳದೆ ಹೋಗಬಹುದು. ಲಕ್ಷಗಟ್ಟಲೆ ಜನ ಆಡಿದಾಗ ಒಂದೇ ವಾರದಲ್ಲಿ ಬೀಳುತ್ತದೆ.

ಇನ್ನು ಪೆಟ್ಟು. ಆರ್‌ಪಿಜಿ ಅಂದರೆ ಕತೆ. ಕತೆಯ ಅಚ್ಚರಿ ಒಂದು ಸಲ ಮಾತ್ರ ಕೆಲಸ ಮಾಡುತ್ತದೆ. ಮೊದಲ ಅಂಕವನ್ನು ಹತ್ತು ಸಲ ಆಡಿದವನ ಅಭಿಪ್ರಾಯ ತುಂಬ ಸೂಕ್ಷ್ಮವಾಗಿರುತ್ತದೆ, ಆದರೆ ಅವನು ಹೊಸಬನ ಕಣ್ಣನ್ನು ಕಳೆದುಕೊಂಡಿರುತ್ತಾನೆ. ಎರಡನೆಯದು, ತೋರಿಸಿದ ಭಾಗ ಮಾತ್ರ ಹೊಳೆಯುತ್ತದೆ. ‘ಬಾಲ್ಡರ್ಸ್ ಗೇಟ್ 3’ ಪೂರ್ತಿ ಬಂದಾಗ ಬಗ್‌ಗಳ ದೂರು, ಕಂಪ್ಯೂಟರ್ ತೆವಳುತ್ತದೆ ಅನ್ನುವ ದೂರು ಜಾಸ್ತಿ ಬಂದದ್ದು ಯಾರೂ ಮುಂಚೆ ನೋಡದ ಮೂರನೇ ಅಂಕದ ಬಗ್ಗೆ. ಕೊನೆ ಥಟ್ಟನೆ ಮುಗಿಯಿತು ಅಂತಲೂ ಬೇಜಾರು ಇತ್ತು. ನವೆಂಬರ್ ಕೊನೆಯ ಪ್ಯಾಚ್‌ನಲ್ಲಿ ಜೊತೆಗಾರರೆಲ್ಲ ಆರು ತಿಂಗಳ ಆಮೇಲೆ ಮತ್ತೆ ಸೇರುವ ಒಂದು ರಾತ್ರಿಯನ್ನು ಸೇರಿಸಿದರು. ಕೊನೆಯನ್ನು ಮುಂಚೆ ತೋರಿಸುವ ಹಾಗಿರಲಿಲ್ಲ, ಹಾಗಾಗಿ ಕೊನೆಯ ತಪ್ಪು ಕೊನೆಗೇ ಗೊತ್ತಾಯಿತು.

ಇದೇ ಜಾತಿಯ ಇನ್ನೊಂದು ದಾರಿ, ಜನರಿಂದ ಮುಂಗಡ ಹಣ ಎತ್ತುವುದು. ಅಬ್ಸಿಡಿಯನ್ ಕಂಪನಿಯವರು 2012ರಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟ್‌ನಲ್ಲಿ 73,000ಕ್ಕೂ ಹೆಚ್ಚು ಜನರಿಂದ ಸುಮಾರು 40 ಲಕ್ಷ ಡಾಲರ್ ಎತ್ತಿ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ ಮಾಡಿದರು. ಒಳ್ಳೆಯ ಗೇಮ್. ಆದರೆ ಹೆಚ್ಚು ಹಣ ಕೊಟ್ಟವರಿಗೆ ಗೇಮ್ ಒಳಗೆ ತಮ್ಮದೊಂದು ಪಾತ್ರ ಇಡುವ ಅವಕಾಶ ಕೊಟ್ಟಿದ್ದರು. ಬಂಗಾರದ ಬಣ್ಣದ ಹೆಸರು ಹೊತ್ತ ಈ ಪಾತ್ರಗಳು ಊರೂರಲ್ಲೂ ನಿಂತಿರುತ್ತವೆ. ಅವುಗಳ ಕತೆಗೂ ನಿಮ್ಮ ಕತೆಗೂ ಸಂಬಂಧ ಇಲ್ಲ. ಮೊದಲ ನಾಲ್ಕನ್ನು ಶ್ರದ್ಧೆಯಿಂದ ಓದುತ್ತೀರಿ, ಐದನೆಯದರಿಂದ ತಪ್ಪಿಸಿಕೊಂಡು ನಡೆಯುತ್ತೀರಿ. ಅಭಿಮಾನಿಯ ದುಡ್ಡು ಪಡೆಯಿರಿ, ಅಭಿಪ್ರಾಯ ಪಡೆಯಿರಿ. ಪೆನ್ನನ್ನು ಕೈಗೆ ಕೊಡುವ ಮೊದಲು ಮಾತ್ರ ಎರಡು ಸಲ ಯೋಚಿಸಿ.

ವೋಟಿಗೆ ಹಾಕುವುದು

ಆನ್‌ಲೈನ್ ಆರ್‌ಪಿಜಿಗಳಿಗೆ ಹೊರತು ಬೇರೆ ಯಾರಿಗೂ ಇದನ್ನು ನಾನು ಹೇಳುವುದಿಲ್ಲ. ಆದರೆ ನಡೆಯುವ ಕಡೆ ಇದು ಚೆನ್ನಾಗಿ ನಡೆಯುತ್ತದೆ.

ಜ್ಯಾಗೆಕ್ಸ್ ಕಂಪನಿ 2012ರ ನವೆಂಬರ್‌ನಲ್ಲಿ ‘ರೂನ್‌ಸ್ಕೇಪ್’ನ ಕಾಳಗದ ವ್ಯವಸ್ಥೆಯನ್ನೇ ಬುಡಮೇಲು ಮಾಡಿತು. ಹಳಬರು ಗುಂಪಾಗಿ ಬಿಟ್ಟು ಹೋದರು. 2007ರ ಹಳೆಯ ಗೇಮ್ ವಾಪಸ್ ಬೇಕಾ ಅಂತ ಕೇಳಿದಾಗ ಸುಮಾರು 4.5 ಲಕ್ಷ ವೋಟು ಬಿದ್ದವು. 2013ರ ಫೆಬ್ರವರಿಯಲ್ಲಿ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಶುರುವಾಯಿತು. ಅಲ್ಲಿಂದ ನಿಯಮ ಇಷ್ಟು: ಹೊಸದಾಗಿ ದೊಡ್ಡದೇನು ಬರಬೇಕಾದರೂ ಆಟಗಾರರ ವೋಟು ಬೇಕು. 75 ಶೇಕಡಾ ಒಪ್ಪಿದರೆ ಮಾತ್ರ ಗೇಮ್‌ಗೆ ಬರುತ್ತಿತ್ತು. 2022ರಲ್ಲಿ ಅದನ್ನು 70ಕ್ಕೆ ಇಳಿಸಿದರು.

ಲಾಭ ಏನು? ನಂಬಿಕೆ. ‘ನಮ್ಮನ್ನು ಕೇಳದೆ ಕೆಡಿಸಿದರು’ ಅನ್ನುವ ಮಾತಿಗೆ ಜಾಗವೇ ಇಲ್ಲ. ಒಮ್ಮೆ ಮೋಸ ಹೋದೆವು ಅಂದುಕೊಂಡ ಜನರನ್ನು ಇಷ್ಟು ವರ್ಷ ಹಿಡಿದಿಟ್ಟುಕೊಂಡಿದ್ದು ಇದೇ.

ಬೆಲೆ ಏನು? 2019ರಲ್ಲಿ ‘ವಾರ್ಡಿಂಗ್’ ಅಂತ ಒಂದು ಹೊಸ ಕೌಶಲವನ್ನು ವೋಟಿಗೆ ಹಾಕಿದರು. ಸುಮಾರು 66 ಶೇಕಡಾ ಜನ ಹೌದು ಅಂದರು. ಮೂರರಲ್ಲಿ ಇಬ್ಬರಿಗೆ ಬೇಕಿತ್ತು, ಆದರೂ ಬಿತ್ತು. ನೌಕಾಯಾನದ ಕೌಶಲ 2015ರಲ್ಲೇ ಒಮ್ಮೆ ಬಿದ್ದು, 2023ರಲ್ಲಿ ಮತ್ತೆ ವೋಟಿಗೆ ಹೋಗಿ ಗೆದ್ದು, ಗೇಮ್ ಒಳಗೆ ಬಂದಾಗ 2025ರ ನವೆಂಬರ್. ವೋಟು ಇದ್ದದ್ದನ್ನು ಕಾಯುತ್ತದೆ, ಹೊಸದಕ್ಕೆ ಅಡ್ಡಗಾಲು ಹಾಕುತ್ತದೆ. ಇನ್ನೊಂದು, ವೋಟು ಹಾಕುವವರು ಈಗ ಆಡುತ್ತಿರುವವರು. ಬೇಜಾರಾಗಿ ಬಿಟ್ಟು ಹೋದವನ ವೋಟು ಇಲ್ಲ. ನಾಳೆ ಬರಬೇಕಾದವನ ವೋಟಂತೂ ಇಲ್ಲವೇ ಇಲ್ಲ.

ಹಳೆಯದು ಬೇಕು ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಂಡವರೂ ಇದ್ದಾರೆ. 2013ರಲ್ಲಿ ಬ್ಲಿಝರ್ಡ್ ಕಂಪನಿಯ ಅಭಿಮಾನಿ ಸಮ್ಮೇಳನ ಬ್ಲಿಝ್‌ಕಾನ್‌ನಲ್ಲಿ, ಅವರ ಆನ್‌ಲೈನ್ ಗೇಮ್ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಹಳೆಯ ರೂಪ ಕೊಡ್ತೀರಾ ಅಂತ ಒಬ್ಬರು ಕೇಳಿದರು. ಬೇಕು ಅಂತ ನಿಮಗೆ ಅನ್ನಿಸುತ್ತೆ ಅಷ್ಟೇ, ನಿಜವಾಗಿ ಬೇಕಿಲ್ಲ ಅನ್ನುವ ಅರ್ಥದ ಉತ್ತರ ವೇದಿಕೆಯಿಂದ ಬಂತು. 2019ರ ಆಗಸ್ಟ್‌ನಲ್ಲಿ ಅದೇ ಕಂಪನಿ ಅದೇ ಹಳೆಯ ಗೇಮನ್ನು ‘ಕ್ಲಾಸಿಕ್’ ಅಂತ ಬಿಡುಗಡೆ ಮಾಡಿತು. ಸರ್ವರ್‌ಗಳ ಮುಂದೆ ಗಂಟೆಗಟ್ಟಲೆ ಸರದಿ! ಆಟಗಾರ ಔಷಧಿ ಹೇಳಿದರೆ ಸ್ವಲ್ಪ ತಡೆಯಿರಿ ಅಂದೆ, ಆದರೆ ಇಲ್ಲಿ ಜನ ಕೇಳಿದ್ದು ತಾವೇ ಕುಡಿದು ರುಚಿ ನೋಡಿದ ಔಷಧಿಯನ್ನು. ಅದು ಬೇರೆ ವಿಷಯ.

ಬಂದ ಮೇಲೆ ತಿದ್ದುವುದು

ಇವತ್ತು ಹೆಚ್ಚಿನವರು ನಡೆಯುವ ದಾರಿ ಇದು. ಗೇಮ್ ಬಿಡುಗಡೆ ಮಾಡಿ, ದೂರು ಕೇಳಿ, ಪ್ಯಾಚ್ ಹಾಕುತ್ತಾ ಹೋಗುವುದು.

ಸಣ್ಣ ಮಟ್ಟದಲ್ಲಿ ಇದು ಬಹಳ ಚೆಂದ. 2015ರಲ್ಲಿ ‘ವಿಚರ್ 3’ ಬಂದಾಗ ಅದರ ನಾಯಕ ಗೆರಾಲ್ಟ್ ನಡೆಯುವುದು ಭಾರ ಅನ್ನಿಸುತ್ತದೆ, ನಿಲ್ಲು ಅಂದರೆ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾನೆ ಅಂತ ದೂರು ಬಂತು. ಜುಲೈ ಪ್ಯಾಚ್‌ನಲ್ಲಿ ಇನ್ನೊಂದು ಬಗೆಯ ನಡಿಗೆ ಕೊಟ್ಟರು, ಹಳೆಯದನ್ನೂ ಉಳಿಸಿದರು. ಸಾಮಾನು ಇಡೋಕೆ ಜಾಗ ಇಲ್ಲ ಅಂದದ್ದಕ್ಕೆ ಪೆಟ್ಟಿಗೆ ಕೊಟ್ಟರು. ಇಂಥದ್ದರಲ್ಲಿ ಹಠ ಮಾಡುವುದಕ್ಕೆ ಅರ್ಥವೇ ಇಲ್ಲ.

ದೊಡ್ಡ ಮಟ್ಟದಲ್ಲಿ ‘ಫೈನಲ್ ಫ್ಯಾಂಟಸಿ 14’ ಅನ್ನುವ ಆನ್‌ಲೈನ್ ಆರ್‌ಪಿಜಿಯ ಕತೆ ಇದೆ. 2010ರ ಸೆಪ್ಟೆಂಬರ್‌ನಲ್ಲಿ ಬಂದು ನೆಲಕಚ್ಚಿತು. ಡಿಸೆಂಬರ್‌ನಲ್ಲಿ ನವೋಕಿ ಯೋಶಿದಾ ಹೊಣೆ ಹೊತ್ತರು. ಹಳೆಯದನ್ನು ನಡೆಸುತ್ತಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿಸಿದರು. ಏನು ನಡೆಯುತ್ತಿದೆ ಅಂತ ಆಟಗಾರರಿಗೆ ಮತ್ತೆ ಮತ್ತೆ ಪತ್ರ ಬರೆದರು. 2012ರ ನವೆಂಬರ್‌ನಲ್ಲಿ ಹಳೆಯ ಲೋಕದ ಮೇಲೆ ಒಂದು ಚಂದ್ರನನ್ನೇ ಬೀಳಿಸಿ ಕತೆಯೊಳಗೇ ಅದನ್ನು ಮುಗಿಸಿದರು. 2013ರ ಆಗಸ್ಟ್‌ನಲ್ಲಿ ‘ಅ ರೆಲ್ಮ್ ರೀಬಾರ್ನ್’ ಬಂತು, ಇವತ್ತಿಗೂ ನಡೆಯುತ್ತಿದೆ. ಓದೋಕೆ ಚೆನ್ನಾಗಿದೆ. ಆದರೆ ಮೂರು ವರ್ಷ ಸೋಲನ್ನು ಹೊತ್ತು ನಡೆಯುವ ಹಣ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಈ ಉದಾಹರಣೆಯಿಂದ ಧೈರ್ಯ ತಂದುಕೊಳ್ಳಬೇಡಿ. ಸಣ್ಣ ತಂಡದ ಆರ್‌ಪಿಜಿಗೆ ಮೊದಲ ವಾರವೇ ಬಹುಪಾಲು ಹಣೆಬರಹ ಬರೆದುಬಿಡುತ್ತದೆ.

ಮುಂದಿನ ಗೇಮ್‌ನಲ್ಲಿ ತಿದ್ದುವವರಿಗೂ ಒಂದು ಕಿವಿಮಾತು. 2011ರ ‘ಡ್ರ್ಯಾಗನ್ ಏಜ್ 2’ರಲ್ಲಿ ಅದೇ ಗುಹೆ, ಅದೇ ನೆಲಮಾಳಿಗೆ ಮತ್ತೆ ಮತ್ತೆ ಬರುತ್ತದೆ ಅಂತ ಎಲ್ಲರೂ ಬೈದರು. ಸರಿಯಾದ ಬೈಗುಳವೇ. 2014ರ ‘ಇನ್‌ಕ್ವಿಸಿಷನ್’ನಲ್ಲಿ ವಿಶಾಲವಾದ ಬಯಲುಗಳನ್ನು ಕೊಟ್ಟರು. ಮೊದಲ ಬಯಲು ‘ಹಿಂಟರ್‌ಲ್ಯಾಂಡ್ಸ್’. ಅಲ್ಲಿನ ಸಣ್ಣ ಪುಟ್ಟ ಕೆಲಸಗಳಲ್ಲಿ ಜನ ಎಷ್ಟು ಸಿಕ್ಕಿಹಾಕಿಕೊಂಡರು ಅಂದರೆ, ‘ಮೊದಲು ಅಲ್ಲಿಂದ ಹೊರಗೆ ಬನ್ನಿ’ ಅನ್ನುವುದೇ ಹೊಸಬರಿಗೆ ಎಲ್ಲರೂ ಕೊಡುವ ಸಲಹೆಯಾಯಿತು. ಜನ ‘ಅದೇ ಅದೇ’ ಅಂದರು ಅಂತ ‘ದೊಡ್ಡದು’ ಮಾಡಿದರು. ಜನರಿಗೆ ಬೇಕಾಗಿದ್ದು ದೊಡ್ಡದಲ್ಲ, ಬೇರೆ ಬೇರೆಯದು.

ಬಾಯಿಮಾತು ಬಿಟ್ಟು ಕೈ ನೋಡುವುದು

ನನ್ನ ಮೆಚ್ಚಿನ ದಾರಿ ಇದು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

ನಾನೂ ಗೆಳೆಯನೊಬ್ಬನೂ ಸೇರಿ ಬಿಡುವಿನಲ್ಲಿ ಒಂದು ಸಣ್ಣ ಆರ್‌ಪಿಜಿ ಮಾಡುತ್ತಿದ್ದೇವೆ. ಅದರ ಎರಡನೇ ಹಳ್ಳಿಯಲ್ಲಿ ಬೀಗ ಹಾಕಿದ ಗಿರಣಿ ಇದೆ. ಕೀಲಿ ಎಲ್ಲಿದೆ ಅಂತ ಬಾವಿ ಹತ್ತಿರದ ಅಜ್ಜಿ ಹೇಳುತ್ತಾಳೆ. ಆರು ಜನರಿಗೆ ಆಡೋಕೆ ಕೊಟ್ಟೆವು. ನಾಲ್ವರು ಗಿರಣಿ ಹತ್ತಿರ ಸಿಕ್ಕಿಬಿದ್ದರು. ನಾಲ್ವರೂ ಒಂದೇ ಮಾತು ಬರೆದು ಕಳಿಸಿದರು: ‘ಮ್ಯಾಪ್ ಮೇಲೆ ಗುರುತು ಹಾಕಿ.’ ಆರರಲ್ಲಿ ನಾಲ್ಕು! ಇನ್ನೇನು ಬೇಕು? ಗೆಳೆಯ ಎರಡು ವಾರದ ಕೆಲಸ ಅಂತ ಲೆಕ್ಕ ಹಾಕಿ ಮ್ಯಾಪ್ ಕೋಡ್ ತೆರೆದ.

ಅಷ್ಟರಲ್ಲಿ ಐದನೆಯವಳು ನಮ್ಮ ಎದುರೇ ಆಡಿದಳು. ನಾನು ಹಿಂದೆ ಕೂತು ನೋಡುತ್ತಿದ್ದೆ. ಬಾವಿ ಹತ್ತಿರ ಒಂದು ಸಣ್ಣ ಕಾಳಗ ಮುಗಿಯುತ್ತದೆ. ಅದು ಮುಗಿದ ಕೂಡಲೇ ಅಜ್ಜಿಯ ಮಾತಿನ ಪೆಟ್ಟಿಗೆ ತೆರೆಯುತ್ತದೆ. ಕಾಳಗದಲ್ಲಿ ಹೊಡೆಯುವ ಬಟನ್ನೂ ಮಾತನ್ನು ಮುಂದಕ್ಕೆ ಓಡಿಸುವ ಬಟನ್ನೂ ಒಂದೇ. ಅವಳ ಹೆಬ್ಬೆರಳು ಇನ್ನೂ ಹೊಡೆತದ ಲಯದಲ್ಲೇ ಇತ್ತು. ಟಕ್, ಟಕ್. ಅಜ್ಜಿ ಬಂದಳು, ಹೋದಳು. ಕೀಲಿಯ ಮಾತು ತೆರೆಯ ಮೇಲೆ ಇದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಜ್ಜಿ ಮಾತಾಡಿದಳು ಅನ್ನುವುದೇ ಅವಳಿಗೆ ಗೊತ್ತಾಗಲಿಲ್ಲ.

ಮಾತಿನ ಪೆಟ್ಟಿಗೆ ತೆರೆದ ಮೇಲೆ ಅರ್ಧ ಸೆಕೆಂಡು ಬಟನ್ ಕೆಲಸ ಮಾಡದ ಹಾಗೆ ಮಾಡಿದೆವು. ಹತ್ತು ನಿಮಿಷದ ಕೆಲಸ. ಆಮೇಲೆ ಆಡಿದ ಯಾರೂ ಗುರುತು ಕೇಳಲಿಲ್ಲ. ಆ ನಾಲ್ವರು ಸುಳ್ಳು ಹೇಳಿರಲಿಲ್ಲ. ದಾರಿ ಗೊತ್ತಾಗಲಿಲ್ಲ ಅನ್ನುವುದು ಪೂರ್ತಿ ನಿಜ. ಯಾಕೆ ಗೊತ್ತಾಗಲಿಲ್ಲ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅದು ನಮ್ಮ ಕೆಲಸ.

ದೊಡ್ಡ ಗೇಮ್‌ಗಳಲ್ಲಿ ಹೀಗೆ ನೋಡುವುದಕ್ಕೆ ಮಾಡ್‌ಗಳಿವೆ, ಅಂದರೆ ಗೇಮ್‌ಗೆ ಆಟಗಾರರೇ ಮಾಡಿ ಹಂಚುವ ಬದಲಾವಣೆಗಳು. ಆಟಗಾರರು ತಾವೇ ಕೂತು ಏನನ್ನು ಬದಲಿಸಿಕೊಂಡಿದ್ದಾರೆ ಅಂತ ನೋಡಿ. ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ‘ಫೇಡ್’ ಅನ್ನುವ ಕನಸಿನ ಲೋಕದ ಭಾಗ ಬರುತ್ತದೆ. ಅದನ್ನು ಹಾರಿಸಿ ಮುಂದೆ ಹೋಗುವುದಕ್ಕೇ ಒಂದು ಮಾಡ್ ಇದೆ, ಬಹಳ ಜನಪ್ರಿಯ. ‘ಸ್ಕೈರಿಮ್’ನ ಮೆನುಗಳನ್ನು ಮೌಸ್‌ಗೆ ಒಗ್ಗುವ ಹಾಗೆ ಬದಲಿಸುವ ‘ಸ್ಕೈಯುಐ’ ಇಲ್ಲದೆ ಕಂಪ್ಯೂಟರ್‌ನಲ್ಲಿ ಆ ಗೇಮ್ ಆಡದವರು ತುಂಬ ಜನ. ಇವು ಬಾಯಿಮಾತಿನ ದೂರುಗಳಲ್ಲ. ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ್ದು, ಇನ್ನೊಬ್ಬರು ಹುಡುಕಿಕೊಂಡು ಹೋಗಿ ಹಾಕಿಕೊಂಡದ್ದು.

ಲೆಕ್ಕದ ಡೇಟಾ ಕೂಡ ಇದೇ ಜಾತಿಗೆ ಸೇರುತ್ತದೆ. ಆದರೆ ಆರ್‌ಪಿಜಿಯಲ್ಲಿ ಅದು ಒಂದು ಕಡೆ ಕೆಟ್ಟದಾಗಿ ದಾರಿ ತಪ್ಪಿಸುತ್ತದೆ. ‘ಮಾಸ್ ಎಫೆಕ್ಟ್’ ಆಡಿದವರಲ್ಲಿ ಸುಮಾರು 92 ಶೇಕಡಾ ಜನ ಒಳ್ಳೆಯವರಾಗಿಯೇ ಆಡಿದರು ಅಂತ ಬಯೋವೇರ್‌ನಲ್ಲಿ ಹಿಂದೆ ಕೆಲಸ ಮಾಡಿದ್ದವರೊಬ್ಬರು 2020ರಲ್ಲಿ ಹೇಳಿದ್ದರು. ಲೆಕ್ಕಿಗನಿಗೆ ಇದನ್ನು ತೋರಿಸಿದರೆ ಕೆಟ್ಟವನ ದಾರಿಯನ್ನೇ ಕತ್ತರಿಸಿ ಅನ್ನುತ್ತಾನೆ. ಎಂಟು ಜನರಿಗೋಸ್ಕರ ಯಾಕೆ ಅಷ್ಟು ಖರ್ಚು? ಆದರೆ ಕೆಟ್ಟವನಾಗುವ ಬಾಗಿಲು ಮುಚ್ಚಿಬಿಟ್ಟರೆ ಆ 92 ಜನರ ಒಳ್ಳೆಯತನಕ್ಕೂ ಬೆಲೆ ಉಳಿಯುವುದಿಲ್ಲ. ತಳ್ಳಬಹುದಿತ್ತು, ಕೈ ಹಿಡಿದೆ ಅನ್ನುವುದರಲ್ಲೇ ಆರ್‌ಪಿಜಿಯ ಸುಖ ಇರುವುದು. ‘ಬಾಲ್ಡರ್ಸ್ ಗೇಟ್ 3’ರವರು 2024ರ ಸೆಪ್ಟೆಂಬರ್‌ನಲ್ಲಿ ಕೆಟ್ಟ ದಾರಿ ಹಿಡಿದವರಿಗೋಸ್ಕರವೇ ಹೊಸ ಕೊನೆಗಳನ್ನು ಸೇರಿಸಿದರು. ಲೆಕ್ಕ ನೋಡಿದವರು ಅದನ್ನು ಮಾಡುತ್ತಿರಲಿಲ್ಲ.

ಯಾರು ಹೇಳುತ್ತಿದ್ದಾರೆ, ಯಾವುದರ ಬಗ್ಗೆ

ದಾರಿ ಯಾವುದೇ ಇರಲಿ, ಈ ಎರಡು ಪ್ರಶ್ನೆ ತಪ್ಪುವುದಿಲ್ಲ.

ಆನ್‌ಲೈನ್ ಗೇಮ್‌ಗಳ ಸಂಶೋಧಕ ರಿಚರ್ಡ್ ಬಾರ್ಟಲ್ 1996ರಲ್ಲೇ ಆನ್‌ಲೈನ್ ಆಟಗಾರರನ್ನು ನಾಲ್ಕು ಬಗೆ ಮಾಡಿದ್ದರು: ಸಾಧಿಸುವವರು, ಹುಡುಕುವವರು, ಜನರ ಜೊತೆ ಬೆರೆಯುವವರು, ಬೇರೆಯವರನ್ನು ಬೇಟೆಯಾಡುವವರು. ಒಬ್ಬರ ದೂರು ಇನ್ನೊಬ್ಬರ ಖುಷಿ. 2002ರ ‘ಮಾರೋವಿಂಡ್’ನಲ್ಲಿ ‘ಸೇತುವೆ ದಾಟಿ ಎಡಕ್ಕೆ ತಿರುಗಿ, ಆಮೇಲೆ ಬಂಡೆ ಕಾಣುತ್ತೆ’ ಅನ್ನುವ ಹಾಗೆ ದಾರಿ ಹೇಳುತ್ತಿದ್ದರು. ಅದೇ ಸರಣಿಯ ಮುಂದಿನ ಗೇಮ್, 2006ರ ‘ಒಬ್ಲಿವಿಯನ್’ನಲ್ಲಿ ದಿಕ್ಸೂಚಿಯ ಮೇಲೆ ಬಾಣದ ಗುರುತು ಬಂತು. ಸಾಧಿಸುವವರು ಅಬ್ಬಾ ಅಂತ ನಿರಾಳವಾದರು, ಹುಡುಕುವವರಿಗೆ ಲೋಕವೇ ಸಣ್ಣದಾಯಿತು. ಇಬ್ಬರೂ ಸರಿ. ನಿಮ್ಮ ಗೇಮ್ ಯಾರಿಗೆ ಅಂತ ತೀರ್ಮಾನ ಮಾಡದೆ ಅಭಿಪ್ರಾಯ ಕೇಳಿದರೆ ತಲೆ ಕೆಡುತ್ತದೆ ಅಷ್ಟೇ.

ಇನ್ನು ವಿಷಯ. ಬಗ್, ಓದಲಾಗದಷ್ಟು ಸಣ್ಣ ಅಕ್ಷರ, ಸೇವ್ ಆಗದಿರುವುದು, ಬಣ್ಣ ಗುರುತಿಸಲಾಗದವರ ತೊಂದರೆ, ಇವುಗಳಲ್ಲಿ ಆಟಗಾರ ಹೇಳಿದ್ದೇ ಕೊನೆಯ ಮಾತು. ಚರ್ಚೆ ಬೇಡ. ಕತ್ತಿಯ ಬಲ, ಮಂತ್ರದ ಬೆಲೆ, ಇಂಥದ್ದರಲ್ಲಿ ಮಾತನ್ನು ಲೆಕ್ಕದ ಜೊತೆ ತಾಳೆ ನೋಡಿ. ತಮ್ಮ ಮೆಚ್ಚಿನ ಪಾತ್ರದ ಬಲ ಇಳಿಸಿ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಕತೆಯಲ್ಲಿ, ಎಲ್ಲಿ ಬೇಜಾರಾಯಿತು ಅಂತ ಕೇಳಿ, ಮುಂದೇನಾಗಬೇಕು ಅಂತ ಕೇಳಬೇಡಿ.

ದುಡ್ಡು ಮತ್ತು ಹಕ್ಕಿನ ವಿಷಯ ಪೂರ್ತಿ ಬೇರೆ. 2015ರ ಏಪ್ರಿಲ್‌ನಲ್ಲಿ ‘ಸ್ಕೈರಿಮ್’ ಮಾಡ್‌ಗಳಿಗೆ ಹಣ ತೆಗೆದುಕೊಳ್ಳುವ ವ್ಯವಸ್ಥೆ ತಂದು, ಕೆಲವೇ ದಿನದಲ್ಲಿ ಹಿಂದೆ ತೆಗೆದುಕೊಂಡರು. 2023ರ ಜನವರಿಯಲ್ಲಿ ಮೇಜಿನ ಸುತ್ತ ಕೂತು ಆಡುವ ಆರ್‌ಪಿಜಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ನಿಯಮಗಳನ್ನು ಬೇರೆಯವರು ಬಳಸಲು ಬಿಡುವ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟಾಗಲೂ ಹಾಗೇ ಆಯಿತು. ತಿಂಗಳು ಮುಗಿಯುವುದರೊಳಗೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಡಿ ಬಿಟ್ಟುಕೊಟ್ಟಿತು. ಇಲ್ಲಿ ‘ನಮ್ಮ ದೃಷ್ಟಿ’ ಅನ್ನುವ ಮಾತು ನಡೆಯುವುದಿಲ್ಲ. ಇದು ವ್ಯವಹಾರ, ಎದುರಿಗಿರುವವರು ಗಿರಾಕಿಗಳು.

ಬೆದರಿಕೆ, ಬರಹಗಾರರ ಮನೆಯವರ ಮೇಲಿನ ಬೈಗುಳ, ಇವು ಫೀಡ್‌ಬ್ಯಾಕೇ ಅಲ್ಲ. ಸಣ್ಣ ತಂಡದಲ್ಲೂ ಬಂದ ಪತ್ರಗಳನ್ನು ಮೊದಲು ಓದುವವರು ಒಬ್ಬರು ಇರಲಿ. ಆ ಕತೆ ಬರೆದವರೇ ಅವುಗಳನ್ನು ಮೊದಲು ಓದುವುದು ಬೇಡ.

ಹಾಗಾದರೆ ಯಾವುದು ಹಿಡಿಯಬೇಕು?

ಒಬ್ಬರೋ ಇಬ್ಬರೋ ಇರುವ ತಂಡ, ಚಿಕ್ಕ ಕತೆ: ಕದ ಹಾಕಿಕೊಳ್ಳಿ, ಆದರೆ ಆರು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಹಿಂದೆ ಕೂತು ನೋಡಿ. ಕಾಳಗದ ನಿಯಮಗಳೇ ಮುಖ್ಯವಾದ ಉದ್ದನೆಯ ಆರ್‌ಪಿಜಿ, ಒಂದೆರಡು ವರ್ಷ ತಡೆಯುವ ಹಣ ಇದೆ ಅಂದರೆ ಅರ್ಲಿ ಆಕ್ಸೆಸ್. ಕತೆಯ ಮೊದಲ ಕಾಲು ಭಾಗ ಮಾತ್ರ ತೋರಿಸಿ, ಉಳಿದದ್ದಕ್ಕೆ ಗುಟ್ಟಾಗಿ ಆಡಿ ಹೇಳುವ ಹೊಸ ಮುಖಗಳನ್ನು ಉಳಿಸಿಕೊಳ್ಳಿ. ಕೊನೆಯ ಅಂಕಕ್ಕಂತೂ ಗೇಮನ್ನು ಒಮ್ಮೆಯೂ ನೋಡದವರೇ ಬೇಕು. ವರ್ಷಗಟ್ಟಲೆ ನಡೆಯುವ ಆನ್‌ಲೈನ್ ಗೇಮ್, ಅದರಲ್ಲೂ ಜನರ ನಂಬಿಕೆ ಒಮ್ಮೆ ಮುರಿದಿದೆ ಅಂದರೆ ವೋಟು. ಬಂದ ಮೇಲೆ ತಿದ್ದುವುದನ್ನು ಹೇಗೂ ಎಲ್ಲರೂ ಮಾಡಲೇಬೇಕು. ಅದನ್ನೇ ನೆಚ್ಚಿಕೊಂಡು ಕೂರಬೇಡಿ ಅಷ್ಟೇ.

ನಾವೀಗ ಆಡಿದವರಿಗೆ ಪ್ರಶ್ನೆಪಟ್ಟಿ ಕೊಡುವುದನ್ನೇ ಬಿಟ್ಟಿದ್ದೇವೆ. ನನ್ನ ಕೈಯಲ್ಲಿ ಒಂದು ಕಾಗದ ಇರುತ್ತದೆ. ಎಷ್ಟನೇ ನಿಮಿಷ, ಯಾವ ಜಾಗ, ಏನು ಮಾಡಿದರು ಅಂತ ಬರೆದುಕೊಳ್ಳುತ್ತೇನೆ. ಮೊನ್ನೆಯ ಕಾಗದದಲ್ಲಿ ಒಂದು ಕಡೆ ಹೀಗಿದೆ: ‘41ನೇ ನಿಮಿಷ. ಸೇತುವೆ ಕಾವಲುಗಾರ. ಫೋನ್ ತೆಗೆದ.’ ಆಟ ಮುಗಿದ ಮೇಲೆ ಅವನನ್ನು ಕೇಳಿದರೆ ಎಲ್ಲ ಸೂಪರ್ ಆಗಿದೆ ಅಂದ. ಕಾವಲುಗಾರನ ಮಾತು ಈಗ 14 ಸಾಲು ಇದೆ. ಇವತ್ತು ರಾತ್ರಿ ಕೂತು ಐದಕ್ಕೆ ಇಳಿಸಬೇಕು.